ಮೊಹರು ಬೇಡ ಸ್ವಾಮಿ, ಕೆಲಸ ಕೊಡಿ

ನಾಶಿಕದ ಸುತ್ತಮುತ್ತಲ ಕಾರ್ಖಾನೆಗಳ ಘನತೆವೆತ್ತ ಎಚ್.ಆರ್. ಮಹಾಶಯರಿಗೆ,

ಓಝರ್‌ನಿಂದ ಒಬ್ಬ ಕನ್ನಡಿಗ ಅಪ್ಪನ ನಮಸ್ಕಾರಗಳು.

ನಿನ್ನೆ ನಿಮ್ಮಲ್ಲೊಬ್ಬರ ಗೇಟಿನ ಮುಂದೆ ಬೆಳಿಗ್ಗೆಯಿಂದ ಊಟದ ಸೈರನ್ ಆಗುವವರೆಗೆ ನಾನೂ ನನ್ನ ಮಗಳೂ ನಿಂತಿದ್ದೆವು. ಕುರ್ಚಿಯೊಂದಿತ್ತು. ಅದರ ಮೇಲೆ ಯಾರದೋ ಹೆಲ್ಮೆಟ್ ಆರಾಮವಾಗಿ ಕೂತಿತ್ತು. ಮಗಳು ಗಣಿತದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಪದವಿಯ ಜೊತೆಗೆ ಒಂದು ವರ್ಷ ಕಾರ್ಖಾನೆಯಲ್ಲೂ ಕಲಿಯಬೇಕೆಂಬ ದುರ್ಬುದ್ಧಿ ಅವಳಿಗೆ ಹೇಗೋ ಬಂದುಬಿಟ್ಟಿದೆ. ಕಾಲೇಜಿನವರು, "ಕಂಪನಿ ನೀವೇ ಹುಡುಕಿಕೊಳ್ಳಿ, ಕಾಗದಪತ್ರ ನಾವು ಮಾಡಿಕೊಡ್ತೀವಿ" ಎಂದು ಆಶೀರ್ವಾದ ಮಾಡಿ ಕಳಿಸಿದ್ದಾರೆ.

ಗೇಟಿನಲ್ಲಿ ಮೊದಲ ಪ್ರಶ್ನೆ, "ಟ್ರೇಡ್ ಯಾವುದು?" "ಗಣಿತ" ಅಂದಳು. ಸೆಕ್ಯುರಿಟಿಯವರು ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎಲ್ಲ ಒಂದೊಂದಾಗಿ ಓದಿ ಹೇಳಿದರು, ಯಾವುದಾದರೊಂದಕ್ಕೆ ಒಪ್ಪಿಕೊಂಡಾಳು ಎಂಬ ಆಸೆಯಿಂದ. ಕೊನೆಗೆ ನಿಟ್ಟುಸಿರು ಬಿಟ್ಟು "ಇತರೆ" ಎಂದು ಬರೆದುಕೊಂಡರು. ಆ ಕಾಲಂನಲ್ಲಿ ಅವಳ ಮೇಲೆ ಕ್ಯಾಂಟೀನಿಗೆ ಹಾಲು ಹಾಕುವವನ ಹೆಸರಿತ್ತು, ಕೆಳಗೆ ಜಿರಳೆಗೆ ಔಷಧಿ ಹೊಡೆಯುವವನದು. ಆ ಇಬ್ಬರನ್ನೂ ಒಳಗೆ ಬಿಟ್ಟರು.

ನನ್ನ ಕೂದಲು ಬೆಳ್ಳಗಾದದ್ದು ಬಿಡಿಭಾಗಗಳ ಇನ್‌ಸ್ಪೆಕ್ಷನ್ ಕೆಲಸದಲ್ಲಿ. ಗಣಿತಕ್ಕೂ ಕಾರ್ಖಾನೆಗೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ. ಸಾವಿರ ತುಂಡುಗಳ ಲಾಟಿನಲ್ಲಿ ಎಷ್ಟನ್ನು ಎತ್ತಿ ಅಳೆಯಬೇಕು, ಎಷ್ಟು ಕೆಟ್ಟರೆ ಲಾಟನ್ನೇ ವಾಪಸ್ ಕಳಿಸಬೇಕು ಎಂಬ ಕೋಷ್ಟಕ ಯಾರ ಅಡುಗೆಮನೆಯಲ್ಲಿ ಬೆಂದದ್ದು? ಸೈರನ್ ಆದ ಮೇಲೆ ನಮ್ಮನ್ನು ಒಳಗೆ ಕರೆದ ನಿಮ್ಮ ಸಾಹೇಬರ ಬೆನ್ನ ಹಿಂದೆ ಗೋಡೆಯಲ್ಲಿ ಕಂಟ್ರೋಲ್ ಚಾರ್ಟ್ ತೂಗುತ್ತಿತ್ತು. ಅದನ್ನು ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ ರೂಪಿಸಿದ್ದು 1924ರಲ್ಲಿ. ಅದರ ಕೆಳಗೇ ಕೂತು ಸಾಹೇಬರು ಕೇಳಿದರು, "ಗಣಿತದವರಿಗೆ ಇಲ್ಲೇನು ಕೆಲಸ?"

ನಮ್ಮೂರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಎಚ್‌ಎಎಲ್ ಓಝರ್‌ನಲ್ಲಿ ಮಿಗ್ ವಿಮಾನಕ್ಕಾಗಿ ನೆಲೆಯೂರಿದ್ದು 1964ರಲ್ಲಿ. ಬೆಂಗಳೂರಿನಿಂದ ವರ್ಗವಾಗಿ ಬಂದ ಮನೆಗಳಲ್ಲಿ ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಮಿಸಳ್ ರೂಢಿಯಾಯಿತು. 2025ರ ಅಕ್ಟೋಬರ್ 17ರಂದು ಇಲ್ಲಿ ಕಟ್ಟಿದ ಮೊದಲ ತೇಜಸ್ ಮಾರ್ಕ್-1ಎ ಹಾರಿತು. ತೇಜಸ್ ತನ್ನಷ್ಟಕ್ಕೆ ತಾನು ಸ್ಥಿರವಾಗಿ ಹಾರುವ ವಿಮಾನವಲ್ಲ. ಅದರೊಳಗಿನ ಕಂಪ್ಯೂಟರು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಅದನ್ನು ಹಿಡಿದಿಡಬೇಕು. ಅಂದರೆ ನಮ್ಮ ತಲೆಯ ಮೇಲೆ ಹಾರುತ್ತಿರುವುದರಲ್ಲಿ ಒಂದು ದೊಡ್ಡ ಪಾಲು "ಇತರೆ" ಕಾಲಂ.

ಕಾನೂನು ಇಲ್ಲವೇ ಎಂದರೆ, ಇದೆ. ಅಪ್ರೆಂಟಿಸ್ ಕಾಯ್ದೆ 1961ರದ್ದು. 2014ರ ತಿದ್ದುಪಡಿ ಇಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಬಾಗಿಲು ತೆರೆಯಿತು. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕೆಂದು 2019ರ ನಿಯಮ ಹೇಳುತ್ತದೆ. ಪದವೀಧರರಿಗೆ ಆಗ ನಿಗದಿಯಾದ ಕನಿಷ್ಠ ಭತ್ಯೆ ತಿಂಗಳಿಗೆ 9,000 ರೂಪಾಯಿ. ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸಬಹುದೆಂದು ಯುಜಿಸಿ 2025ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಸ್ವಾಮಿ, ಆ ಶೇ. 2.5 ಎಷ್ಟಾಗುತ್ತದೆಂದು ಲೆಕ್ಕ ಹಾಕುವುದಕ್ಕಾದರೂ ಗಣಿತದವಳೊಬ್ಬಳು ಬೇಡವೇ?

ಇಷ್ಟನ್ನೆಲ್ಲ ನಗುತ್ತಲೇ ಸಹಿಸಿಕೊಳ್ಳುತ್ತಿದ್ದೆ. ಆಮೇಲೆ ನಿಮ್ಮ ಸಾಹೇಬರು ಧ್ವನಿ ತಗ್ಗಿಸಿ ಮರಾಠಿಯಲ್ಲಿ ಹೇಳಿದ್ದು ಇದು: "ಕಾಕಾ, ಹುಡುಗಿಯನ್ನು ಯಾಕೆ ಬಿಸಿಲಲ್ಲಿ ಅಲೆಸ್ತೀರಿ? ಸರ್ಟಿಫಿಕೇಟ್ ತಾನೇ ಬೇಕಿರೋದು? ಯಾವ ತಾರೀಖಿನಿಂದ ಯಾವ ತಾರೀಖಿಗೆ ಅಂತ ಹೇಳಿ, ಮೊಹರು ಹಾಕಿಸಿಕೊಡ್ತೀನಿ. ಬರೋದೇ ಬೇಡ."

ಬರೋದೇ ಬೇಡ! ಎಂಥ ಕರುಣೆ! ಕೆಲಸ ಮಾಡುತ್ತೇನೆ ಎಂದು ಬಂದವಳಿಗೆ ಗೇಟು ಮುಚ್ಚಿದೆ, ಕೆಲಸ ಮಾಡಿದ್ದೇನೆ ಎಂದು ಸುಳ್ಳು ಹೇಳುವುದಾದರೆ ಮೊಹರು ತೆರೆದಿದೆ. ನೀವು ಒಂದು ಲೋಹದ ತುಂಡನ್ನು ಅಳೆಯದೆ ಪಾಸು ಮಾಡಿದರೆ ಕೆಲಸ ಹೋಗುತ್ತದೆ. ಒಂದು ಹುಡುಗಿಯ ಒಂದು ವರ್ಷವನ್ನು ನೋಡದೆ ಪಾಸು ಮಾಡುವುದು ಮಾತ್ರ ಉಪಕಾರವೇ? ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ "ಬೇಡ ಸರ್" ಅಂದಳು. ಆ "ಬೇಡ"ಕ್ಕೆ ಕ್ರೆಡಿಟ್ ಎಷ್ಟು ಎಂದು ಯುಜಿಸಿ ಹೇಳಿಲ್ಲ. ಅದೇ ಮೊಹರಿನ ಕಾಗದ ಹಿಡಿದು ನಾಳೆ ಇಂಟರ್‌ವ್ಯೂಗೆ ಬಂದವರನ್ನು, "ಈಗಿನ ಹುಡುಗರಿಗೆ ಏನೂ ಬರಲ್ಲ" ಎಂದು ಬೈಯುವವರೂ ನೀವೇ. ಎಲ್ಲಿಂದ ಬಂದೀತು ಮಹಾಶಯರೇ? ಬರೋದೇ ಬೇಡ ಅಂದಿರಲ್ಲ!

ಕೈಗಾರಿಕೆಗೆ ಗಣಿತವನ್ನು ಸಾಕುವ ಅಭ್ಯಾಸವಿಲ್ಲ ಎಂದರೆ ಒಪ್ಪುವುದಿಲ್ಲ. ನಮ್ಮೂರಿಂದ ಮನ್ಮಾಡ್ ದಾಟಿ ಚಾಳೀಸ್‌ಗಾಂವ್ ಕಡೆಗೆ ಹೋದರೆ ಪಾಟಣ ಎಂಬ ಊರು. ಭಾಸ್ಕರಾಚಾರ್ಯರ ಮೊಮ್ಮಗ, ಯಾದವ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿ ಚಂಗದೇವ, ಅಜ್ಜನ ಗ್ರಂಥಗಳನ್ನು ಪಾಠ ಹೇಳಿಸಲು ಅಲ್ಲಿ ಮಠ ಸ್ಥಾಪಿಸಿದ. 1207ರ ಶಾಸನದ ಪ್ರಕಾರ ಆ ಮಠಕ್ಕೆ ಪೇಟೆಯ ಸುಂಕದ ಪಾಲು ಸಲ್ಲಬೇಕಿತ್ತು, ಗಾಣಗಾಣಕ್ಕೂ ಇಷ್ಟೆಂದು ಎಣ್ಣೆ ಸಲ್ಲಬೇಕಿತ್ತು. ಎಂಟು ಶತಮಾನದ ಹಿಂದೆ ಇದೇ ಸೀಮೆಯ ಗಾಣಿಗನಿಗೆ ಗಣಿತದ ವಿದ್ಯಾರ್ಥಿ "ಇತರೆ" ಆಗಿರಲಿಲ್ಲ. ಅವನಿಗೆ ಎಚ್.ಆರ್. ವಿಭಾಗವೂ ಇರಲಿಲ್ಲ.

ಮಗಳಿಗೆ ಸಮಾಧಾನಕ್ಕೆಂದು ಸಿ.ಆರ್. ರಾವ್ ಅವರ ಕಥೆ ಹೇಳಿದೆ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು. ಗಣಿತದ ಸ್ನಾತಕೋತ್ತರ ಪದವಿ ಮುಗಿಸಿ, ಸೇನೆಯ ಸರ್ವೆ ವಿಭಾಗದ ಕೆಲಸಕ್ಕೆಂದು ಕಲ್ಕತ್ತಕ್ಕೆ ಹೋದರು. ಕೆಲಸ ಸಿಗಲಿಲ್ಲ. ಅಲ್ಲೇ ಇದ್ದ ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1941ರಲ್ಲಿ ಸೇರಿ ಜಗದ್ವಿಖ್ಯಾತರಾದರು. ಮಗಳು ಕೇಳಿಸಿಕೊಂಡು ಅಂದಳು, "ಅಪ್ಪಾ, ಅವರಿಗೆ ಕಲ್ಕತ್ತದಲ್ಲಿ ಇನ್ನೊಂದು ಬಾಗಿಲಿತ್ತು. ನನಗೆ ಇಲ್ಲಿ ಯಾವುದಿದೆ?"

ಉತ್ತರ ನೀವು ಕೊಡಬೇಕು. ದೊಡ್ಡದೇನೂ ಕೇಳುತ್ತಿಲ್ಲ. ನಿಮ್ಮ ಫಾರಂನಲ್ಲಿ "ಗಣಿತ" ಎಂದು ಒಂದು ಸಾಲು ಅಚ್ಚು ಹಾಕಿಸಿ. ವರ್ಷಕ್ಕೆ ಒಬ್ಬರನ್ನು ಕ್ವಾಲಿಟಿ ವಿಭಾಗದಲ್ಲಿ ಕೂರಿಸಿ, ರಿಜೆಕ್ಷನ್ ಲೆಕ್ಕ ಕೈಗೆ ಕೊಡಿ, ತಪ್ಪಿದರೆ ಬೈಯಿರಿ. ಅರ್ಜಿಯನ್ನು ಇವತ್ತು ಮತ್ತೆ ಅಂಚೆಗೆ ಹಾಕಿದ್ದೇವೆ. ಜಾಗವಿಲ್ಲದಿದ್ದರೆ ಇಲ್ಲವೆಂದು ನಾಲ್ಕು ಅಕ್ಷರ ಬರೆದು ಕಳಿಸಿ, ಬೇಸರವಿಲ್ಲ. ದಯವಿಟ್ಟು ಮೊಹರು ಮಾತ್ರ ಒತ್ತಬೇಡಿ.

ಇಂತಿ,
"ಇತರೆ" ಕಾಲಂನವಳ ಅಪ್ಪ
ಓಝರ್