ಸ್ವಲ್ಪ ಬಗ್ಗೋ ಮರಿ!

ಬೇಸಿಗೆ ರಜೆ ಬಂತೆಂದರೆ ಚಿತ್ರದುರ್ಗದ ಮಕ್ಕಳಿಗೆ ವಂಡರ್‌ಲಾ ಜಪ. 2005ರಲ್ಲಿ ಬಿಡದಿ ಬಳಿ ಶುರುವಾದ ಆ ಪಾರ್ಕು ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ವರ್ಷವಿಡೀ "ನೆಟ್ಟಗೆ ನಿಲ್ಲೋ" ಎಂದು ಗದರುವ ಅಪ್ಪ ಕೌಂಟರಿನೆದುರು "ಸ್ವಲ್ಪ ಬಗ್ಗೋ ಮರಿ" ಎಂದು ಪಿಸುಗುಡುತ್ತಾನೆ. ಅಜ್ಜಿ ಕಟ್ಟಿಕೊಟ್ಟ ಚಿತ್ರಾನ್ನಕ್ಕೆ ಒಳಗೆ ಪ್ರವೇಶವಿಲ್ಲ. ಹಾಳಾಗಬಾರದೆಂದು ಹೊರಗೇ ಅಷ್ಟನ್ನೂ ಮುಗಿಸಿ ಗಿರಗಿರ ತಿರುಗುವ ಆಟ ಹತ್ತಿದವರ ಪಾಡು ಕೇಳಬೇಡಿ!

ಜಾಣೆ ಅಮ್ಮಂದಿರು ವಾರದ ನಡುವಿನ ದಿನ ನೋಡಿ, ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಿ, ನೀರಾಟಕ್ಕೆ ನೈಲಾನ್ ಬಟ್ಟೆಯನ್ನು ಮನೆಯಿಂದಲೇ ಒಯ್ಯುತ್ತಾರೆ.

ಇನ್ನೂ ಜಾಣೆಯರು ಊರಿನ ಕೋಟೆಯ ದಾರಿಯನ್ನೇ ಹಿಡಿಯುತ್ತಾರೆ. ದೊಡ್ಡವರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ. ಎತ್ತರ ಎಷ್ಟಾದರೂ ಇರಲಿ. ಏಳು ಸುತ್ತಿನ ಕೋಟೆ ಹತ್ತಿ, ಅಕ್ಕ-ತಂಗಿ ಹೊಂಡ ಇಣುಕಿ, ತುಪ್ಪದ ಕೊಳದ ಕಡಿದಾದ ಬಂಡೆ ಏರಿದರೆ ಯಾವ ರೋಲರ್ ಕೋಸ್ಟರೂ ಬೇಡ. ಬಿಸಿಲೇರುವ ಮೊದಲೇ ಹೊರಡಬೇಕು, ಅಷ್ಟೇ.

ಓಬವ್ವನ ಕಿಂಡಿಯಲ್ಲಿ ಮಾತ್ರ ಬಗ್ಗುವ ಸರದಿ ಅಪ್ಪನದು. ಅವನು ಹೊಟ್ಟೆ ಒಳಗೆಳೆದುಕೊಂಡು ಆಚೆ ತೂರುವಷ್ಟರಲ್ಲಿ ಚಿತ್ರಾನ್ನದ ಗಂಟು ಕೋತಿಯ ಕೈ ಸೇರಿರುತ್ತದೆ.