ಹಗೇವಿನ ಮೇಲೆ ವಿಟ್ರಿಫೈಡ್

ಬೆಂಗಳೂರಿನವರ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲುತ್ತದೆ, ಜೋರು ಮಳೆ ಬಂದರೆ ತೇಲುತ್ತದೆ. ನಮ್ಮ ಕೊಳಾಲ ಹೋಬಳಿ ಕಡೆಯವರಿಗೂ ಬೇಸ್‌ಮೆಂಟ್ ಇತ್ತು, ಹಗೇವು ಅಂತ. ಕೆಲವರಿಗೆ ಮನೆ ಮುಂದೆ, ಕೆಲವರಿಗೆ ಪಡಸಾಲೆಯಲ್ಲೇ. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಒತ್ತಿ ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. 1876-78ರ ಧಾತು-ಈಶ್ವರ ಬರದ ಕತೆ ಕೇಳಿ ಬೆಳೆದವರಿಗೆ ಅದೇ ಬ್ಯಾಂಕು.

ಈಗಿನ ರಾಗಿ ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೋಗಿ, ಗೋದಾಮು ಸುತ್ತಿ, ರೇಷನ್ ಅಂಗಡಿಯ ಮೂಲಕ ವಾಪಸ್ ಬರುತ್ತದೆ. ಇಷ್ಟು ಲೋಕ ನೋಡಿ ಬಂದ ರಾಗಿಯನ್ನು ನೆಲದಡಿ ಹೂಳುವುದು ಮರ್ಯಾದೆಯೇ?

ಹಾಗಾಗಿ ಹಗೇವು ಖಾಲಿ. ಮನೆ ರಿಪೇರಿಗೆ ಕೈ ಹಾಕಿದಾಗ ಒಡೆದ ಹೆಂಚು, ಗೋಡೆ ಮಣ್ಣು, ಕಿತ್ತ ಕಾವಿ ನೆಲದ ಚಕ್ಕೆ, ಹರಿದ ಸಿಮೆಂಟ್ ಚೀಲ ಎಲ್ಲ ಅದರ ಹೊಟ್ಟೆಗೆ. ತುಂಬಿದ ಮಣ್ಣಿಗೆ ಅರ್ಧರ್ಧ ಅಡಿಗೊಮ್ಮೆ ನೀರು ಬಿಟ್ಟು ದಿಮ್ಮಸು ಹೊಡೆಯಬೇಕು. ಹೊಡೆಯುವಷ್ಟು ಪುರುಸೊತ್ತು ಯಾರಿಗಿದೆ, ಗೃಹಪ್ರವೇಶದ ಕಾರ್ಡು ಹಂಚಿ ಆಗಿರುತ್ತದೆ. ಮೇಲೆ ಮೊರ್ಬಿಯ ಟೈಲ್ಸು ಕೂರುತ್ತದೆ, ಮುಖ ನೋಡಿಕೊಂಡು ಕ್ರಾಪು ತೀಡಬಹುದಾದಷ್ಟು ಹೊಳಪು. ಪಕ್ಕದ ಮಧುಗಿರಿಯಲ್ಲಿ ಬೆಟ್ಟಕ್ಕೆ ಬೆಟ್ಟವೇ ಒಂದೇ ಕಲ್ಲು. ನಮ್ಮ ಕಾಲಡಿಗೆ ಬೇಕಾದದ್ದು ಮಾತ್ರ ಗುಜರಾತಿನಿಂದ ಲಾರಿ ಹತ್ತಿ ಬರಬೇಕು.

ಎರಡು ಮಳೆಗಾಲ ಕಳೆಯುವುದರೊಳಗೆ ಪಡಸಾಲೆಯ ನಡುಮಧ್ಯೆ ಟೈಲ್ಸು ಡಬಡಬ ಅನ್ನುತ್ತದೆ, ಒಂದೆರಡು ಬಿರುಕು ಬಿಡುತ್ತವೆ. ಆಗ ಶುರು, ತಜ್ಞರ ಸಭೆ. ಅಂಗಡಿಯವನು, "ಅಣ್ಣಾ, ಈ ಡಿಸೈನ್ ಈಗ ಬರ್ತಿಲ್ಲ, ಪೂರಾ ಹಾಲ್ ಕಿತ್ತಾಕ್ಸಿಬಿಡಿ" ಅನ್ನುತ್ತಾನೆ. ಮೇಸ್ತ್ರಿ ಬಿರುಕಿಗೆ ವೈಟ್ ಸಿಮೆಂಟ್ ಬಳಿದು, "ನಮ್ಮ ಕಾಲಕ್ಕೆ ಏನೂ ಆಗಲ್ಲ ಬಿಡಿ ಯಜಮಾನ್ರೇ" ಎಂದು ಕೈ ತೊಳೆದುಕೊಳ್ಳುತ್ತಾನೆ. ವಾಸ್ತು ಪಂಡಿತರು ಕಣ್ಣು ಮುಚ್ಚಿ, ಬ್ರಹ್ಮಸ್ಥಾನ ಕುಸಿದಿದೆ ಅನ್ನುತ್ತಾರೆ. ಅಪ್ಪಿತಪ್ಪಿ ಆಡಿದ ಸತ್ಯ, ನಿಜಕ್ಕೂ ಕುಸಿದಿದೆ. ಪರಿಹಾರ ಮಾತ್ರ ತಾಮ್ರದ ತಗಡು. ಬೆಂಗಳೂರಿನ ಅಳಿಯಂದಿರು ಮೇಲೊಂದು ಕಾರ್ಪೆಟ್ ಹಾಸಿ ಅನ್ನುತ್ತಾರೆ, ಸರ್ಕಾರಿ ಕೆಲಸದಲ್ಲಿರಬೇಕು.

ಮೂಲೆಯಲ್ಲಿ ಅಡಿಕೆ ಕುಟ್ಟುತ್ತ ಕೂತ ಅಜ್ಜಿ, "ಅಲ್ಲಿ ಹಗೇವು ಐತೆ ಕಣ್ರಲಾ" ಅನ್ನುತ್ತಾಳೆ. ಅಜ್ಜಿಯ ಹತ್ತಿರ ವಿಸಿಟಿಂಗ್ ಕಾರ್ಡ್ ಇಲ್ಲ. ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಟೈಲ್ಸಿನ ತಪ್ಪೂ ಹೆಚ್ಚಿಲ್ಲ. ವಿಟ್ರಿಫೈಡ್ ಅಂದರೆ ತನ್ನ ತೂಕದ ಶೇಕಡಾ 0.5ರಷ್ಟೂ ನೀರು ಹೀರದ ಜಾತಿ. ಬರೀ ಸಿಮೆಂಟ್ ಹಾಲು ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ, ಅಂಟು ಬೇರೆ ಬೇಕು. ಅಂಟಿಗೆ ದುಡ್ಡು ಬಿಚ್ಚದವರು ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ ಇಟ್ಟು ಒತ್ತಿಸುತ್ತಾರೆ, ನಡುವೆ ಪೊಳ್ಳು. ಬಿಸಿಲಿಗೆ ಹಿಗ್ಗಲು ಎರಡು ಮಿಲಿಮೀಟರ್ ಸಂದಾದರೂ ಬಿಡಿ ಅಂದರೆ, ಸಂದು ಕಂಡರೆ ನೆಂಟರು ಏನಂದಾರು ಎಂಬ ಚಿಂತೆ. ಹಳೇ ಕಾವಿ ನೆಲವೂ ಬಿರುಕು ಬಿಡುತ್ತಿತ್ತು. ಅದೇ ಕೆಂಪು ಕಲಸಿ ತುಂಬಿ, ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರೆ ಮುಗಿಯಿತು. "ಈ ಡಿಸೈನ್ ಬರ್ತಿಲ್ಲ" ಅನ್ನಲು ಅದಕ್ಕೆ ಅಂಗಡಿಯೇ ಇರಲಿಲ್ಲ.

ಪಂಚಾಯ್ತಿಯನ್ನು ಬೈಯುವ ಬಾಯಿ ಮಾತ್ರ ನಮಗೆ ಸದಾ ತೆರೆದಿದೆ. ನಲ್ಲಿ ಪೈಪಿಗೆ ಸಿಮೆಂಟ್ ರಸ್ತೆ ಅಗೆದರು, ಮಣ್ಣೆಳೆದು ಹೋದರು, ಕುಸಿಯಿತು ಎಂದು ಕಟ್ಟೆಯ ಮೇಲೆ ಕೂತು ದೂರುತ್ತೇವೆ. ಅವರು ಬೀದಿಯಲ್ಲಿ ಮಾಡಿದ್ದನ್ನು ನಾವು ಪಡಸಾಲೆಯಲ್ಲಿ ಮಾಡಿದ್ದೇವೆ, ಅದೂ ಸ್ವಂತ ದುಡ್ಡಿನಲ್ಲಿ.

ಮತ್ತೆ ಟೈಲ್ಸು ಕೀಳಿಸುವ ಮುಂಚೆ, ಹಗೇವು ಎಲ್ಲಿತ್ತು ಅಂತ ಅಜ್ಜಿಯನ್ನು ಕೇಳಿ. ಸಿಕ್ಕಿದರೆ ಕಸ ತೆಗೆಸಿ, ಮಣ್ಣು ತುಂಬಿಸಿ, ದಿಮ್ಮಸು ಹೊಡೆಸಿ, ಆಮೇಲೆ ಹೊಳಪು. ಒಳಗಿನ್ನೂ ಪೊಳ್ಳಿದ್ದರೆ ಚಪ್ಪಡಿ ಎತ್ತಿದ ಕೂಡಲೇ ಯಾರನ್ನೂ ಇಳಿಸಬೇಡಿ. ಕೆಟ್ಟ ಗಾಳಿಗೆ ಜೀವ ಹೋದದ್ದುಂಟು.