ಸುಮ್ಕೆ

ಡಿಸೆಂಬರ್ ತಿಂಗಳಲ್ಲಿ ಅವರೆಕಾಳಿನ ಸಾರು, ಮುದ್ದೆ ಉಂಡು ಎದ್ದವನಿಗೆ ಇರುವುದು ಒಂದೇ ದಾರಿ. ಅದು ನೇರ ಮಂಚಕ್ಕೆ ಹೋಗುತ್ತದೆ. ಇನ್ನೊಂದು ದಾರಿಯಿದೆ ಎಂದು ಹೇಳಿದವನು ನಮ್ಮ ಮನೆಗೆ ಹಾಲು ಹಾಕುವ ಹುಡುಗ. ನಾಲೆ ರಿಪೇರಿಗೆ ಬಂದವರು ಏರಿಯ ಮೇಲೂ ಗ್ರಾವೆಲ್ ಸುರಿದು ಹೋಗಿದ್ದಾರೆ, ಸೈಕಲ್ಲು ಬೆಣ್ಣೆಯ ಹಾಗೆ ಹೋಗುತ್ತದೆ ಅಂದ. ಮಂಡ್ಯದಲ್ಲಿ ಇಷ್ಟು ವರ್ಷ ಇದ್ದೂ ಆ ಏರಿಯ ಮೇಲೆ ನಾನು ಸೈಕಲ್ ತುಳಿದಿರಲಿಲ್ಲ.

ಸೈಕಲ್ಲು ಮಗ ಕೊಡಿಸಿದ್ದು. 21 ಗೇರು. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಬೇಕಾದ್ದನ್ನೆಲ್ಲ ಬಿಚ್ಚಿಟ್ಟುಕೊಂಡು, ಬಿಚ್ಚಿದ ಕೂಲಿಯನ್ನೂ ಸೇರಿಸಿ ಬೆಲೆ ಹಾಕಿದ ಹಾಗಿದೆ. ನಾನು ಕಲಿತದ್ದು ಗಂಟೆಗೆ 25 ಪೈಸೆಯ ಬಾಡಿಗೆ ಸೈಕಲ್ಲಿನಲ್ಲಿ, ಅಡ್ಡಪೈಪಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು. ಆಗ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಇರಬೇಕಿತ್ತು, ಕತ್ತಲಾದರೆ ಡೈನಮೊ ಉರಿಯಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹೋಗುವುದಕ್ಕೊಂದು ಕೆಲಸ ಇರಬೇಕಿತ್ತು. ಅಪ್ಪನ ಸೈಕಲ್ಲು ಒಮ್ಮೆಯಾದರೂ ಖಾಲಿ ಕ್ಯಾರಿಯರಿನಲ್ಲಿ ಮನೆಗೆ ಬಂದದ್ದು ನನಗೆ ನೆನಪಿಲ್ಲ: ಹಿಂಡಿ ಮೂಟೆ, ಹುಲ್ಲಿನ ಹೊರೆ, ಏನೂ ಇಲ್ಲದಿದ್ದರೆ ನಾನು.

"ಎಲ್ಲಿಗೆ?" ಅಂದಳು ಹೆಂಡತಿ.

"ಸುಮ್ಮನೆ, ನಾಲೆ ಕಡೆಗೆ."

ಅವಳ ಮುಖ ಸಣ್ಣಗಾಯಿತು. 2018ರ ನವೆಂಬರಿನಲ್ಲಿ ಕನಗನಮರಡಿಯ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ಹೋದದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ನೀರಿನ ಕಡೆಗೆ ಹೋಗದೆ ಗದ್ದೆಯ ಕಡೆಯ ಅಂಚಿನಲ್ಲೇ ತುಳಿಯುತ್ತೇನೆಂದು ಮಾತು ಕೊಟ್ಟು ಹೊರಟೆ.

ಏರಿ ಸಿಗುವ ಮೊದಲೇ ಟಾರು ರಸ್ತೆಯ ತುಂಬ ಹುರುಳಿ ಹರಡಿದ್ದರು. ಈ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳೆಲ್ಲ ಕಣವಾಗುತ್ತವೆ. ಒಕ್ಕಣೆಯ ಕೆಲಸವನ್ನು ಹೋಗಿ ಬರುವ ವಾಹನಗಳಿಗೆ ಬಿಟ್ಟು ಜನ ಪಕ್ಕದಲ್ಲಿ ನೆರಳು ನೋಡಿಕೊಂಡು ಕೂರುತ್ತಾರೆ. ನನ್ನಿಂದಲೂ ಒಂದಿಷ್ಟು ಸಹಾಯವಾಗಲಿ ಎಂದು ನಡುಮಧ್ಯೆ ಹತ್ತಿಸಿದೆ. ಮೊರ ಹಿಡಿದ ಅಜ್ಜಿ ನನ್ನ ಚಕ್ರ ನೋಡಿ, ನನ್ನನ್ನೂ ನೋಡಿ, "ಇದ್ರಲ್ಲಿ ಒಂದ್ ಕಾಳೂ ಉದ್ರಕಿಲ್ಲ, ಪಕ್ಕದಲ್ಲಿ ಹೋಗಪ್ಪ" ಅಂದಿತು.

ಹಾಲಿನ ಹುಡುಗ ಸುಳ್ಳು ಹೇಳಿರಲಿಲ್ಲ. ಏರಿಯ ಮೇಲೆ ಹತ್ತಿದರೆ ಮುಂದೆ ಹತ್ತುವುದು ಏನೂ ಇಲ್ಲ. ನಾಲೆ ಮಾಡಿದವರು ನೀರಿನ ಸ್ವಭಾವ ಬಲ್ಲವರು. ನೀರು ದಿಣ್ಣೆ ಏರುವುದಿಲ್ಲ, ಆದ್ದರಿಂದ ದಿಣ್ಣೆ ಬಂದಲ್ಲೆಲ್ಲ ನಾಲೆಯೇ ಸುತ್ತು ಹಾಕುತ್ತದೆ; ಸುತ್ತುವುದಕ್ಕೂ ಆಗದ ಹುಲಿಕೆರೆಯಂಥ ಕಡೆ ಮಾತ್ರ ಸುರಂಗ ಕೊರೆದಿದ್ದಾರೆ. ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಇನ್ನೆಲ್ಲಿ ಸಿಗಬೇಕು? 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯಿಂದ ಹೊರಟ ಈ ನಾಲೆಗೆ ಮೊದಲಿದ್ದ ಹೆಸರು ವೈಸ್‌ರಾಯ್ ಇರ್ವಿನ್ನನದು. ಆಮೇಲೆ ವಿಶ್ವೇಶ್ವರಯ್ಯ ನಾಲೆಯಾಯಿತು, ಊರವರ ಬಾಯಲ್ಲಿ ವಿ.ಸಿ. ನಾಲೆ. ನಾಲೆಯ ಹಿಂದೆ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಜಿಲ್ಲೆಯೇ ಬಂತು. ಸೈಕಲ್ ತುಳಿದು ಹೊಟ್ಟೆ ಕರಗಿಸಬೇಕಾದ ನನ್ನಂಥವರು ಬಂದದ್ದು ತೀರ ಕೊನೆಗೆ.

ಪಡುವಲಿಗೆ ತುಳಿಯುತ್ತಿದ್ದೆ. ಎಡಕ್ಕೆ ಕೊಯ್ದ ಗದ್ದೆಯ ಕೂಳೆ, ಅದರಲ್ಲಿ ಬೆಳ್ಳಕ್ಕಿ. ಬಲಕ್ಕೆ ಮೊಣಕಾಲುದ್ದ ನೀರು. ಬಿಸಿಲಿದ್ದರೂ ಸುಡುತ್ತಿರಲಿಲ್ಲ. ಸೈಕಲ್ಲು ತಾನಾಗಿ ಓಡುತ್ತಿತ್ತು. ಈ ವಯಸ್ಸಿಗೂ ನನ್ನ ತೊಡೆಯಲ್ಲಿ ಇಷ್ಟು ಕಸುವಿದೆಯೆ ಎಂದು ನನಗೇ ಹೆಮ್ಮೆಯಾಯಿತು. ಬೆನ್ನಿಗೆ ಮೂಡಗಾಳಿ ಬೀಸುತ್ತಿದೆ ಎಂಬುದು ಆಗ ಗಮನಕ್ಕೆ ಬರಲಿಲ್ಲ. ಬೆನ್ನ ಹಿಂದಿನ ಗಾಳಿಯನ್ನು ಗಾಳಿ ಎಂದು ಯಾರು ತಾನೇ ಒಪ್ಪುತ್ತಾರೆ?

ತೂಬಿನ ಹತ್ತಿರ ಒಬ್ಬ ಯಜಮಾನರು ಕೈ ಅಡ್ಡ ಹಿಡಿದರು. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಎಲೆಅಡಿಕೆ.

"ಸಾ, ಮುಂದಿನ್ ಕಟ್ಟು ನೀರು ಯಾವತ್ ಬುಡ್ತೀರಾ?"

ಹೆಲ್ಮೆಟ್ ಹಾಕಿಕೊಂಡು ನಾಲೆ ನೋಡುತ್ತ ಬರುವವನು ನೀರಾವರಿ ಎಂಜಿನಿಯರೇ ಆಗಿರಬೇಕು ಎಂಬುದು ಅವರ ಲೆಕ್ಕ. ನಾನು ಇಲಾಖೆಯವನಲ್ಲ ಎಂದೆ.

"ಮತ್ತೆ ಎಲ್ಗೊಂಟ್ರಿ?"

"ಎಲ್ಲಿಗೂ ಇಲ್ಲ. ಸುಮ್ಮನೆ."

"ಸುಮ್ಕೇನಾ? ಕ್ಯಾಮೆ ಇಲ್ದೇವಾ?"

ಅವರ ದನಿಯಲ್ಲಿ ಬೈಗುಳವಿರಲಿಲ್ಲ, ಮರುಕವಿತ್ತು. ಒಂದು ಕ್ಷಣ ಯೋಚಿಸಿ ನನ್ನನ್ನು ಉದ್ಧಾರ ಮಾಡಲು ನಿರ್ಧರಿಸಿದರು. "ಅಂಗಾದ್ರೆ ಒಂದ್ ಕ್ಯಾಮೆ ಮಾಡಿ. ಮುಂದ್ಕೋದ್ರೆ ಆಲೆಮನೆ ಸಿಗ್ತದೆ. ನಮ್ ಹೈದ ಅಲ್ಲವ್ನೆ, ಕೆಂಪು ಟೀಶರ್ಟು. ಹಸ ಕರ ಆಕದೆ, ಬಿರ್ನೆ ಬರ್ಬೇಕಂತೆ ಅನ್ನಿ. ಫೋನು ಮನೇಲೇ ಚಾರ್ಜಿಗಾಕಿ ಹೋಗವ್ನೆ."

ಆಮೇಲೆ ನಾನು ತುಳಿದ ರೀತಿಯೇ ಬೇರೆ. ಹುಡುಗರು ನಿಲ್ಲಿಸಿ ಸೈಕಲ್ಲಿನ ಬೆಲೆ ಕೇಳಿದರು, ನಿಲ್ಲಲಿಲ್ಲ. ನಾನೀಗ ಕೆಲಸವಿದ್ದವನು.

ಆಲೆಮನೆ ಮೊದಲು ಮೂಗಿಗೆ ಸಿಕ್ಕಿತು, ಆಮೇಲೆ ಕಣ್ಣಿಗೆ. ಒಳಗೆ ಹೊಗೆ, ಆವಿ, ಕಬ್ಬಿನ ಸಿಪ್ಪೆ ತಿನ್ನುತ್ತಿರುವ ಒಲೆ. ಬೆಂಕಿಯ ಬೆಳಕಿನಲ್ಲಿ ಎಲ್ಲರ ಅಂಗಿಯೂ ಕೆಂಪೇ. ಕೊಪ್ಪರಿಗೆಯ ಮುಂದಿದ್ದ ಮುದುಕ ಕುದಿಯುವ ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಕಬ್ಬಿಣದ ಅಂಚಿಗೆ ಹೊಡೆದ. 'ಪಚ್' ಅಂತು. ತಲೆಯಾಡಿಸಿ ಮತ್ತೆ ಕಾದ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ 'ಠಣ್' ಅಂತು. ತಕ್ಷಣ ಇಬ್ಬರು ಓಡಿಬಂದು ಕೊಪ್ಪರಿಗೆ ಇಳಿಸಿದರು. ಥರ್ಮಾಮೀಟರಿಲ್ಲ, ಗಡಿಯಾರವಿಲ್ಲ, ಹದ ಬಂದದ್ದನ್ನು ಬೆಲ್ಲವೇ ಹೇಳಬೇಕು, ಮುದುಕ ಕೇಳಿಸಿಕೊಳ್ಳಬೇಕು.

ಆಗ ನನ್ನ ಸುದ್ದಿ ನೆನಪಾಗಿ ಒದರಿದೆ: "ಯಾರದೋ ಹಸು ಕರು ಹಾಕಿದೆಯಂತೆ!"

ಮೂಲೆಯಲ್ಲಿ ಕಬ್ಬಿನ ಕಟ್ಟು ಧೊಪ್ಪೆಂದು ಬಿತ್ತು. ಹುಡುಗ ಹತ್ತಿರ ಓಡಿಬಂದ. "ಹೆಣ್ಗರನಾ, ಗಂಡ್ಗರನಾ ಸಾ?"

ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಹುಡುಗ ನನ್ನನ್ನು ನೋಡಿದ ನೋಟ ಹುರುಳಿ ಅಜ್ಜಿಯದೇ. ಬೈಕ್ ಹತ್ತಿ ಹೊರಟೇ ಹೋದ. ಮುದುಕ ಮಾತ್ರ ನನ್ನ ಕೈಗೆ ನಾಲ್ಕು ಬಿಸಿ ಅಚ್ಚುಬೆಲ್ಲ ಇಟ್ಟ. ಕ್ಯಾರಿಯರ್ ಎಲ್ಲಿದೆ? ಹೆಲ್ಮೆಟ್ಟಿಗೆ ಹಾಕಿ ಹ್ಯಾಂಡಲಿಗೆ ನೇತುಹಾಕಿಕೊಂಡೆ.

ತಿರುಗಿದೊಡನೆ ಮೂಡಗಾಳಿ ತನ್ನ ಲೆಕ್ಕ ಚುಕ್ತಾ ಮಾಡಿಕೊಂಡಿತು. 21 ಗೇರನ್ನೂ ತಿರುಗಿಸಿ ನೋಡಿದೆ, 22ನೆಯದು ಇಳಿದು ತಳ್ಳುವುದು. ತೂಬು ಬಂದಾಗ ಹೊತ್ತು ಇಳಿದಿತ್ತು. ಯಜಮಾನರು ಅಲ್ಲಿರಲಿಲ್ಲ; ದನ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸನ್ನು ನಿಲ್ಲಿಸಿ ವಿಚಾರಿಸಿದೆ. ನನ್ನದೇ ಹಸುವೇನೋ ಎಂಬಂತೆ ಸಂತೋಷದಿಂದ ಹೇಳಿದಳು.

ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. "ಸುಮ್ಮನೆ ಹೋದವರು ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ?"

"ಒಂದು ಹಸು ಕರು ಹಾಕಿತ್ತು. ಸುದ್ದಿ ಮುಟ್ಟಿಸೋದಿತ್ತು."

ಯಾರ ಹಸು, ಯಾವ ಊರು, ನಿಮಗೇನು ಕೆಲಸ, ಯಾವುದನ್ನೂ ಅವಳು ಕೇಳಲಿಲ್ಲ. ಹೆಲ್ಮೆಟ್ಟಿನಿಂದ ಬೆಲ್ಲ ಬಿಡಿಸಿಕೊಳ್ಳುತ್ತ, "ಹೆಣ್ಣೋ ಗಂಡೋ?" ಅಂದಳು.

"ಹೆಣ್ಣು" ಅಂದೆ.